ಕಿತ್ತಳೆ ಶಾಲೆಯ ಕನ್ನಡ ದುಭಾಷಿ

ಕನ್ನಡದ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತಗಳಿಗೆಲ್ಲ ಮೂಲ ಇದೇ. ಅಮೆರಿಕದಲ್ಲಿ ಹೇವರ್ಡ್‌ಗೂ ಪ್ಲೆಸೆಂಟನ್‌ಗೂ ನಡುವೆ ಇರುವ ನಮ್ಮ ಊರಿನ ಕನ್ನಡ ಕೂಟಕ್ಕೆ ನಾನು ಕಾರ್ಯದರ್ಶಿ. ರಾಜ್ಯೋತ್ಸವದ ದಿನ ಕಾರ್ಯದರ್ಶಿಯ ಭಾಷಣ ಮುಗಿಯುವ ತನಕ ಊಟ ಬಡಿಸಕೂಡದು ಎಂಬ ನಿಯಮವನ್ನು ತಂದವನು ನಾನು. ಭಾನುವಾರದ ಕನ್ನಡ ತರಗತಿಯನ್ನು ನಡೆಸುವವನೂ ನಾನೇ. ಆ ತರಗತಿಗೆ ನನ್ನ ಮಗಳು ಸಿಂಚನ ಎರಡು ವಾರ ಬಂದಳು. ಮೂರನೇ ವಾರ ಹೊಟ್ಟೆನೋವು ಎಂದಳು. ಅದು ಈವರೆಗೂ ವಾಸಿಯಾಗಿಲ್ಲ, ಆದರೆ ಭಾನುವಾರ ಬಿಟ್ಟು ಬೇರೆ ದಿನ ಕಾಣಿಸಿಕೊಳ್ಳುವುದಿಲ್ಲ.

ಸಿಂಚನಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಶಾಲೆಯವರು ಕೆಲವು ಪ್ರಶ್ನೆ ಕೇಳಿದ್ದರು. ಮಗು ಮೊದಲು ಕಲಿತ ಭಾಷೆ ಯಾವುದು? ಕನ್ನಡ ಎಂದು ಬರೆದೆ. ಅವಳು ಆಡಿದ ಮೊದಲ ಮಾತು 'ಬೇಡ'. ಆದ್ದರಿಂದ ಇದು ಸುಳ್ಳಲ್ಲ. ಮನೆಯಲ್ಲಿ ಮಗು ಹೆಚ್ಚಾಗಿ ಆಡುವ ಭಾಷೆ? ಕನ್ನಡ. ಇದು ಸ್ವಲ್ಪ ಉದಾರವಾದ ಉತ್ತರ. ಡೇಕೇರ್‌ಗೆ ಸೇರಿದ ಸ್ವಲ್ಪ ದಿನಕ್ಕೇ 'ಬೇಡ' ಹೋಗಿ 'ನೋ' ಬಂದಿತ್ತು. ಮನೆಯ ದೊಡ್ಡವರು ಆಡುವ ಭಾಷೆ? ಕನ್ನಡ! ಶಾಲೆಯಿಂದ ನಿಮಗೆ ಯಾವ ಭಾಷೆಯಲ್ಲಿ ವಿಷಯ ತಿಳಿಸಬೇಕು?

ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಶೈಲಾ ಪೆನ್ನು ಹಿಡಿದ ನನ್ನ ಕೈ ಹಿಡಿದುಕೊಂಡಳು.

"ರೀ, ಇದಕ್ಕಾದ್ರೂ ಇಂಗ್ಲಿಷ್ ಅಂತ ಬರೀರಿ. ನಾಳೆ ಏನಾದ್ರೂ ಎಡವಟ್ಟಾಗುತ್ತೆ."

"ಶೈಲಾ, ಅಮೆರಿಕದ ಸರ್ಕಾರ ತಾನಾಗೇ ಬಂದು ನಾನು ಕನ್ನಡದಲ್ಲಿ ಬರೀತೀನಿ ಅಂತಿದೆ. ಬೇಡ ಅನ್ನೋಕೆ ನಾವ್ಯಾರು?"

ಕನ್ನಡ ಎಂದೇ ಬರೆದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಒಂದು ಮಗುವಿಗೆ ಮಾತ್ರ ಅನ್ಯಾಯವಾಗುತ್ತಿತ್ತು. ನಾನು ಅದನ್ನು ಕೂಟದ ಸಭೆಯಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಅಲ್ಲಿಂದ ಮುಂದೆ ಮಕ್ಕಳನ್ನು ಶಾಲೆಗೆ ಸೇರಿಸಿದ ಕೂಟದ ಅಪ್ಪಂದಿರೆಲ್ಲ ನನ್ನನ್ನೇ ಅನುಸರಿಸಿದರು.

ಅಂದಿನಿಂದ ಶಾಲೆಯ ಕಾಗದಗಳು ಕನ್ನಡದಲ್ಲಿ ಬರತೊಡಗಿದವು. ಮನುಷ್ಯರು ಬರೆದ ಕನ್ನಡವಲ್ಲ, ಕಂಪ್ಯೂಟರು ಬರೆದ ಕನ್ನಡ. 'ನಿಮ್ಮ ಮಗುವು ಇಂಗ್ಲಿಷ್ ಕಲಿಯುವವ ಆಗಿ ಈ ವರ್ಷವೂ ಮುಂದುವರಿದಿದೆ' ಎಂದು ಪ್ರತಿ ವರ್ಷ ಬರೆದಿರುತ್ತಿತ್ತು. ಶಾಲೆಗೆ ಹೋಗುವುದೇ ಕಲಿಯುವುದಕ್ಕೆ. ಇಂಗ್ಲಿಷ್ ಕಲಿಯುತ್ತಿದ್ದಾಳೆ, ಈ ವರ್ಷವೂ ಮುಂದುವರಿದಿದ್ದಾಳೆ, ಸಂತೋಷ ಎಂದುಕೊಂಡು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಆಗಾಗ ಒಬ್ಬ ಟೀಚರ್ ತನ್ನನ್ನು ಬೇರೆ ರೂಮಿಗೆ ಕರೆದೊಯ್ದು ಚಿತ್ರ ತೋರಿಸಿ ಮಾತಾಡಿಸುತ್ತಾರೆ ಎಂದು ಸಿಂಚನ ಹೇಳಿದ್ದಳು. ಪ್ರತಿಭೆ ಇರುವ ಮಗುವಿಗೆ ವಿಶೇಷ ಗಮನ ಕೊಡುತ್ತಿದ್ದಾರೆ ಎಂದು ನಾವು ತಿಳಿದುಕೊಂಡೆವು.

ಹೀಗೆ ನಾವು ಸುಖವಾಗಿರುವಾಗ, ಸಿಂಚನ ಆರನೇ ತರಗತಿಯಲ್ಲಿದ್ದ ಚಳಿಗಾಲದಲ್ಲಿ, ರಾಜ್ಯ ಸರ್ಕಾರ ಬಣ್ಣ ಹಂಚಿತು.

ಇಲ್ಲಿ ಸರ್ಕಾರ ಪ್ರತಿ ವರ್ಷ ಶಾಲೆಗಳಿಗೆ ಬಣ್ಣದ ಮೂಲಕ ಅಂಕ ಕೊಡುತ್ತದೆ. ಕಾರಿನ ಸ್ಪೀಡೋಮೀಟರಿನಂಥ ಚಿತ್ರ. ಅದರ ಮುಳ್ಳು ನೀಲಿಯ ಮೇಲಿದ್ದರೆ ಉತ್ತಮ, ಕೆಂಪಿನ ಮೇಲಿದ್ದರೆ ಕೆಟ್ಟದ್ದು, ಕಿತ್ತಳೆ ಎಂದರೆ ಕೆಂಪಿನ ಪಕ್ಕದ ಮನೆ. ಮನೆ ಕೊಳ್ಳಲು ಬರುವವರು ಮೊದಲು ಶಾಲೆಯ ಬಣ್ಣ ನೋಡಿ ಆಮೇಲೆ ಅಡುಗೆಮನೆ ನೋಡುವ ಸೀಮೆ ಇದು. ನಮ್ಮ ಶಾಲೆಗೆ ಗಣಿತದಲ್ಲಿ ನೀಲಿ ಬಂದಿತ್ತು. 'ಇಂಗ್ಲಿಷ್ ಕಲಿಯುವ ಮಕ್ಕಳ ಪ್ರಗತಿ' ಎಂಬಲ್ಲಿ ಮಾತ್ರ ಕಿತ್ತಳೆ.

ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಹಾಹಾಕಾರವೆದ್ದಿತು. ಪ್ಲೆಸೆಂಟನ್‌ನಲ್ಲಿರುವ ಒಬ್ಬರು ಯಾರೂ ಕೇಳದೆಯೇ 'ನಮ್ದು ಬ್ಲೂ' ಎಂದು ಕೈಮುಗಿದ ಚಿತ್ರದೊಂದಿಗೆ ಹಾಕಿದರು. ಕಾರ್ಯದರ್ಶಿಯಾದ ನಾನು ಸುಮ್ಮನಿರುವಂತಿರಲಿಲ್ಲ. ಒಂದು ದೀರ್ಘ ಸಂದೇಶ ಬರೆದೆ. 'ಮಾನ್ಯರೇ, ಈ ಕಾಲದಲ್ಲೂ ಇಂಗ್ಲಿಷ್ ಬಾರದ ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ ಎಂಬುದು ನೋವಿನ ಸಂಗತಿ. ಆ ಬಡಪಾಯಿ ಕುಟುಂಬಗಳು ಯಾವುವೋ ನಮಗೆ ತಿಳಿಯದು. ಅವರನ್ನು ಕೈಹಿಡಿದು ಮೇಲೆತ್ತುವುದು ನಮ್ಮೆಲ್ಲರ ಕರ್ತವ್ಯ.' ಇಪ್ಪತ್ತು ಜನ ಹೆಬ್ಬೆರಳು ಎತ್ತಿದರು.

ಬಣ್ಣ ಕೆಟ್ಟರೆ ಸ್ಕೂಲ್ ಡಿಸ್ಟ್ರಿಕ್ಟಿನವರು, ಅಂದರೆ ಊರಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಆಡಳಿತದವರು, ಏನು ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೆ ಮೊದಲು ಪೋಷಕರನ್ನು ಕರೆದು ಕೇಳಬೇಕು. ಕರೆದರು. ಶಾಲೆಯ ದೊಡ್ಡ ಹಾಲಿನಲ್ಲಿ ಪಿಜ್ಜಾ ಇಟ್ಟು, ಗೋಡೆ ತುಂಬ ಕಾಗದ ಅಂಟಿಸಿದ್ದರು. ನಮ್ಮ ಸಲಹೆಗಳನ್ನು ಹಳದಿ ಚೀಟಿಯಲ್ಲಿ ಬರೆದು ಅಂಟಿಸಬೇಕು. ಬೇರೆಯವರ ಸಲಹೆ ಹಿಡಿಸಿದರೆ ಅದರ ಮೇಲೆ ಬಣ್ಣದ ಬೊಟ್ಟು ಹಚ್ಚಬೇಕು.

ನಾನು ಬರೆದೆ: 'ಇಂಗ್ಲಿಷ್ ಬಾರದ ಮಕ್ಕಳಿಗೆ ದಿನಕ್ಕೆ ಒಂದು ಪೀರಿಯಡ್ ಹೆಚ್ಚು ಇಂಗ್ಲಿಷ್ ಕೊಡಿ. ಮೊದಲು ಭಾಷೆ, ಆಮೇಲೆ ವಾದ್ಯ, ನೃತ್ಯ.'

ಹಾಸನದ ಕಡೆಯ ನನ್ನ ಗೆಳೆಯ ಮಂಜುನಾಥ ಅದನ್ನು ಓದಿ, "ಸಕತ್ತಾಗಿದೆ ಗುರು," ಎಂದು ಒಂದು ಬೊಟ್ಟು ಹಚ್ಚಿದ. ಅವನನ್ನು ನೋಡಿ ಕೂಟದವರೆಲ್ಲ ಹಚ್ಚಿದರು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಬೊಟ್ಟು ನನ್ನ ಚೀಟಿಗೇ ಬಿದ್ದಿತ್ತು. ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿ, ಅವರನ್ನು ಸೂಪರಿಂಟೆಂಡೆಂಟ್ ಎನ್ನುತ್ತಾರೆ, ಸ್ವತಃ ಬಂದು ನನ್ನ ಕೈ ಕುಲುಕಿದರು. ಆ ಸಂಜೆ ನಾನು ದಾರಿಯಲ್ಲಿ ಯಾರಿಗೂ ಹಾರ್ನ್ ಹೊಡೆಯದೆ ಮನೆಗೆ ಬಂದೆ.

ಚಳಿಗಾಲದ ರಜೆ ಮುಗಿದು ಶಾಲೆ ಶುರುವಾದ ದಿನ ಸಿಂಚನ ಮನೆಗೆ ಬಂದವಳೇ ಟ್ರೊಂಬೋನಿನ ಪೆಟ್ಟಿಗೆಯನ್ನು ಗರಾಜಿನಲ್ಲಿ ಇಟ್ಟು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟ್ರೊಂಬೋನಿನ ಬಗ್ಗೆ ಒಂದು ಮಾತು. ಶಾಲೆಯ ಬ್ಯಾಂಡಿಗೆ ಸೇರಿದಾಗ ಕೊಳಲು ತೆಗೆದುಕೋ ಎಂದು ನಾವು ಎಷ್ಟು ಹೇಳಿದರೂ ಕೇಳದೆ, ತನಗಿಂತ ಉದ್ದವಾದ ಈ ಹಿತ್ತಾಳೆ ವಾದ್ಯವನ್ನು ಹಿಡಿದು ತಂದಿದ್ದಳು. ಮೊದಮೊದಲು ಅದರ ದನಿಗೆ ಪಕ್ಕದ ಮನೆಯ ನಾಯಿ ಅಳುತ್ತಿತ್ತು. ಡಿಸೆಂಬರಿನ ಹೊತ್ತಿಗೆ ನಾಯಿ ಸುಮ್ಮನಾಗಿತ್ತು. ವಸಂತದ ಸಂಗೀತ ಕಚೇರಿಯಲ್ಲಿ ಒಂದು ತುಣುಕನ್ನು ಅವಳೊಬ್ಬಳೇ ನುಡಿಸಬೇಕು ಎಂದು ಬ್ಯಾಂಡಿನ ಮೇಷ್ಟ್ರು ಆರಿಸಿದ್ದರು. ನಮ್ಮ ಮಗಳು ಬೆಳಗ್ಗೆ ಎಬ್ಬಿಸದೆ ಎದ್ದದ್ದು ಜೀವನದಲ್ಲಿ ಇದೊಂದು ಕಾರಣಕ್ಕೆ ಮಾತ್ರ.

ಶೈಲಾ ಹೋಗಿ ಮಾತಾಡಿಸಿ ಬಂದಳು. ನನ್ನನ್ನು ಅಡುಗೆಮನೆಗೆ ಕರೆದಳು.

"ಬ್ಯಾಂಡಿನಿಂದ ತೆಗೆದಿದ್ದಾರೆ ಕಣ್ರಿ. ಆ ಪೀರಿಯಡ್ಡಿಗೆ ಈಗ ಇಂಗ್ಲಿಷ್ ಕ್ಲಾಸಂತೆ. ಇಂಗ್ಲಿಷ್ ಬಾರದ ಮಕ್ಕಳಿಗೆ ಹೊಸದಾಗಿ ಶುರು ಮಾಡಿದ್ದಾರಂತೆ."

"ಇವಳನ್ನ್ಯಾಕೆ ಅದಕ್ಕೆ ಹಾಕಿದ್ರು?"

ಶೈಲಾ ಫ್ರಿಜ್ಜಿನ ಬಾಗಿಲನ್ನು ತೋರಿಸಿದಳು.

ನಾನು ನಿಧಾನವಾಗಿ ಓದಿದೆ. 'ಇಂಗ್ಲಿಷ್ ಕಲಿಯುವವ ಆಗಿ ಈ ವರ್ಷವೂ ಮುಂದುವರಿದಿದೆ.'

"ನಿಮ್ಮ ಬಡಪಾಯಿ ಕುಟುಂಬ ಯಾವುದು ಅಂತ ಗೊತ್ತಾಯ್ತಾ?" ಎಂದಳು ಶೈಲಾ.

ಮನೆಭಾಷೆ ಬೇರೆ ಎಂದು ಬರೆದ ಮಕ್ಕಳಿಗೆಲ್ಲ ಪ್ರತಿ ವರ್ಷ ಒಂದು ಇಂಗ್ಲಿಷ್ ಪರೀಕ್ಷೆ ಇರುತ್ತದೆಯಂತೆ. ಅದರಲ್ಲಿ ಪಾಸಾಗುವ ತನಕ ಬಿಡುಗಡೆ ಇಲ್ಲ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಆಡದ ನನ್ನ ಮಗಳು ವರ್ಷ ವರ್ಷ ಅದರಲ್ಲಿ ಫೇಲಾಗಿದ್ದು ಹೇಗೆ? ಸಿಂಚನ ಇಂಗ್ಲಿಷಿನಲ್ಲೇ ವಿವರಿಸಿದಳು. ಟೀಚರ್ ಒಂದು ಚಿತ್ರ ತೋರಿಸಿ ಇದರಲ್ಲಿ ಏನಾಗುತ್ತಿದೆ ಹೇಳು ಎನ್ನುತ್ತಾರೆ. ಹುಡುಗ ಬಸ್ಸು ಹತ್ತುತ್ತಿರುವುದು ಚಿತ್ರದಲ್ಲೇ ಕಾಣುತ್ತದೆ. ಟೀಚರಿಗೂ ಕಣ್ಣಿದೆ. ಅದಕ್ಕೆ ಇವಳು, "ಇಟ್ಸ್ ಆಬ್ವಿಯಸ್," ಎಂದು ಸುಮ್ಮನಾಗುತ್ತಿದ್ದಳಂತೆ. ಮಾತಾಡಲು ಬಾರದು ಎಂದು ಅವರು ಬರೆದುಕೊಳ್ಳುತ್ತಿದ್ದರಂತೆ.

"ಈ ಹೊಸ ಕ್ಲಾಸು ಯಾವ ದಡ್ಡನ ಐಡಿಯಾನೋ," ಎಂದಳು ಶೈಲಾ. ನಾನು ಹಳದಿ ಚೀಟಿಯ ವಿಷಯ ಎತ್ತಲಿಲ್ಲ. ಹೊಟ್ಟೆನೋವು ಎಂದು ಹೇಳಿ ಮಲಗಿಬಿಟ್ಟೆ.

ಮರುದಿನ ಲಾಸ್ ಗ್ಯಾಟೋಸ್‌ನ ಆಫೀಸಿಗೆ ರಜೆ ಹಾಕಿ, ಸಿಂಚನಳೊಂದಿಗೆ ಶಾಲೆಯ ಕೌನ್ಸೆಲರ್ ಮಿಸ್ ಬೆನಿಟೆಸ್ ಅವರ ಎದುರು ಕೂತೆ. ಆಕೆ ಒಳ್ಳೆಯ ಹೆಂಗಸು. ನಾನು ಕನ್ನಡದಲ್ಲೇ ವಿಷಯ ತಿಳಿಸಿ ಎಂದು ಬರೆದುಕೊಟ್ಟವನಾದ್ದರಿಂದ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಕೈಸನ್ನೆ ಮಾಡುತ್ತ ಇಂಗ್ಲಿಷ್ ಮಾತಾಡಿದರು. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಇಂಗ್ಲಿಷಿನಲ್ಲೇ ಮೀಟಿಂಗು ಮಾಡಿ, ಇಂಗ್ಲಿಷಿನಲ್ಲೇ ಬೈಸಿಕೊಂಡು ಬದುಕಿರುವ ನನಗೆ ಆ ಸನ್ನೆಗಳನ್ನು ನೋಡಿ ಬೆವರು ಬಂತು. ನೆಟ್ಟಗೆ ವಿಷಯಕ್ಕೆ ಬಂದೆ.

"ಮೇಡಂ, ಒಂದು ತಪ್ಪಾಗಿದೆ. ನಮ್ಮ ಮನೆಯಲ್ಲಿ ಕನ್ನಡವನ್ನು ಯಾರೂ ಮಾತಾಡುವುದೇ ಇಲ್ಲ," ಎಂದೆ, ಇಂಗ್ಲಿಷಿನಲ್ಲಿ, ಎದೆಯ ಮೇಲೆ ಕೈಯಿಟ್ಟು.

ಆಗ ಫೋನು ಬಂತು. ಮೊಮ್ಮಗಳನ್ನು ನೋಡಲು ಹೊರಟಿದ್ದ ನನ್ನ ಅತ್ತೆ, ಮದ್ದೂರಿನ ಪುಟ್ಟತಾಯಮ್ಮನವರು, ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮಾಡಿದ್ದರು. ಎತ್ತದೆ ಇರುವಂತಿಲ್ಲ. ಎತ್ತಿದರೆ ಅತ್ತೆಯ ದನಿಗೆ ಸ್ಪೀಕರ್ ಬೇಕಾಗುವುದಿಲ್ಲ.

"ಅಳಿಯಂದ್ರೆ, ಇಲ್ಲಿ ಉಪ್ಪಿನಕಾಯ್ನ ತಗೊಂಡೋಗಂಗಿಲ್ಲ ಅಂತಾವ್ರೆ. ವಸಿ ಇವ್ರಿಗೆ ನೀವೇ ಯೋಳಿ."

ನಾನು ಮೆತ್ತಗೆ, "ಅತ್ತೆ, ಅದನ್ನ ದೊಡ್ಡ ಸೂಟ್‌ಕೇಸಿಗೆ ಹಾಕಿ, ಕೈಚೀಲದಲ್ಲಿ ಬೇಡ," ಎಂದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಆಮೇಲೆ ಇನ್ನೂ ಜೋರಾಗಿ. ಫೋನು ಇಟ್ಟು ನೋಡಿದರೆ ಮಿಸ್ ಬೆನಿಟೆಸ್ ಕಣ್ಣರಳಿಸಿ ಕೂತಿದ್ದರು.

"ಎಷ್ಟು ಚೆಂದ ಮಾತಾಡುತ್ತೀರಿ ನಿಮ್ಮ ಭಾಷೆಯನ್ನು," ಎಂದರು.

ಆಕೆ ಸಮಾಧಾನವಾಗಿ ತಿಳಿಸಿದ್ದು ಇಷ್ಟು. ಒಮ್ಮೆ ಪರೀಕ್ಷೆಗೆ ಕೂತ ಮೇಲೆ ಮಗುವಿನ ಭಾಷೆಯ ಬಗ್ಗೆ ಕೊಟ್ಟ ಹಳೆಯ ಉತ್ತರ ಬದಲಿಸಲು ಬರುವುದಿಲ್ಲ. ಕಿತ್ತಳೆ ಬಣ್ಣ ಬಂದಿರುವುದರಿಂದ ಈ ವರ್ಷ ಯಾರಿಗೂ ವಿನಾಯಿತಿ ಕೊಡುವಂತಿಲ್ಲ. ಪರೀಕ್ಷೆ ಪಾಸಾಗಬೇಕು, ತಂದೆ ತಾಯಿಯ ಜೊತೆ ಸಭೆ ನಡೆಯಬೇಕು, ಆಮೇಲೇ ಬ್ಯಾಂಡು. ಪರೀಕ್ಷೆ ಯಾವಾಗ ಎಂಬುದು ಡಿಸ್ಟ್ರಿಕ್ಟಿನವರ ಕೈಯಲ್ಲಿದೆ. ಸಂಗೀತ ಕಚೇರಿಗಿಂತ ಮೊದಲು ಆಗುವುದು ಅನುಮಾನ.

"ಬ್ಯಾಂಡ್ ಬಿಡಿಸಿದ್ದು ನಮಗೂ ಬೇಸರವೇ. ಆದರೆ ಇದು ಪೋಷಕರೇ ಕೊಟ್ಟ ಸಲಹೆ. ಬಹಳ ಜನ ಬೊಟ್ಟು ಹಚ್ಚಿದ್ದರು," ಎಂದರು.

ಸಿಂಚನ ನನ್ನ ಕಡೆ ತಿರುಗಿ ನೋಡಿದಳು. ಸಲಹೆ ಯಾರದೆಂದು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಆ ನೋಟ ನೇರವಾಗಿ ಅವರಮ್ಮನದು.

ನಾವು ಏಳುವ ಹೊತ್ತಿಗೆ ಮಿಸ್ ಬೆನಿಟೆಸ್ ಇನ್ನೊಂದು ಮಾತು ಹೇಳಿದರು. ಫೆಬ್ರವರಿಯಲ್ಲಿ ಮತ್ತೊಂದು ಸಭೆ ಇದೆ. ಇಂಗ್ಲಿಷ್ ಕಲಿಯುವ ಮಕ್ಕಳ ಪಟ್ಟಿಯಲ್ಲಿ ಕನ್ನಡದ ಕುಟುಂಬಗಳು ಬಹಳ ಇರುವುದರಿಂದ ಕನ್ನಡಕ್ಕೆ ಒಬ್ಬ ದುಭಾಷಿ ಬೇಕಾಗಿದ್ದಾರೆ. ಎಲ್ಲೂ ಸಿಗುತ್ತಿಲ್ಲ. ನೀವು ಬರುತ್ತೀರಾ?

ಆ ಸಭೆಗೆ ಸೂಪರಿಂಟೆಂಡೆಂಟ್ ಬರುತ್ತಾರೆ. ದುಭಾಷಿಗೆ ವೇದಿಕೆಯ ಪಕ್ಕದಲ್ಲೇ ಜಾಗ, ಕೈಗೊಂದು ಮೈಕು. ಮೈಕು ಸಿಕ್ಕರೆ ನನ್ನ ಮಗಳ ಬಿಡುಗಡೆ ಎಷ್ಟು ಹೊತ್ತಿನ ಕೆಲಸ? ಒಪ್ಪಿಕೊಂಡೆ.

ಸಭೆಯ ದಿನ ಹೋಗಿ ಕೂತ ಮೇಲೆ ಡಿಸ್ಟ್ರಿಕ್ಟಿನವರು ನಿಯಮ ತಿಳಿಸಿದರು. ದುಭಾಷಿ ತನ್ನ ಅಭಿಪ್ರಾಯ ಹೇಳುವಂತಿಲ್ಲ. ಬೇರೆಯವರು ಹೇಳಿದ್ದನ್ನು ಏನೂ ಸೇರಿಸದೆ, ಏನೂ ಬಿಡದೆ, ಅವರು 'ನಾನು' ಎಂದರೆ 'ನಾನು' ಎಂದೇ ಹೇಳಬೇಕು. ಅಂದರೆ ಇಡೀ ಹಾಲಿನಲ್ಲಿ ಸ್ವಂತ ಮಾತಾಡುವ ಹಕ್ಕಿಲ್ಲದವನು ನಾನೊಬ್ಬನೇ!

ಎದುರಿಗೆ ಕೂಟದ ಸದಸ್ಯರೆಲ್ಲ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದರು. ಕನ್ನಡದ ಕುಟುಂಬ ಎಂದ ಮೇಲೆ ಬಾಗಿಲಲ್ಲೇ ಕೊಟ್ಟುಬಿಟ್ಟಿದ್ದರು. ಎಲ್ಲರೂ ಇಂಜಿನಿಯರುಗಳು, ಇಬ್ಬರು ಡಾಕ್ಟರುಗಳು. ಸೂಪರಿಂಟೆಂಡೆಂಟ್ ಮಾತಾಡಿದ್ದು ಅವರಿಗೆ ಇಂಗ್ಲಿಷಿನಲ್ಲೇ ಅರ್ಥವಾಗುತ್ತಿತ್ತು. ನಾನು 'ಉತ್ತರದಾಯಿತ್ವದ ಮಾಪನಫಲಕ' ಎಂದಾಗ ಮಾತ್ರ ಅರ್ಥವಾಗಲಿಲ್ಲ. 'ನಿರಂತರ ಸುಧಾರಣೆಯ ಕಾರ್ಯಯೋಜನೆ' ಎಂದಾಗ ಮಂಜುನಾಥ ಹೆಡ್‌ಫೋನು ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ನನ್ನ ಕನ್ನಡದ ಅವಶ್ಯಕತೆ ನಿಜವಾಗಿ ಇದ್ದದ್ದು ಒಬ್ಬರಿಗೆ ಮಾತ್ರ. ಅವರು ಮುಂದಿನ ಸಾಲಿನಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು, ಶೈಲಾ ಮತ್ತು ಸಿಂಚನಳ ನಡುವೆ ಕೂತಿದ್ದರು. ಬಂದ ಒಂದೇ ವಾರದಲ್ಲಿ ಅತ್ತೆಗೆ ಮನೆಯ ಪರಿಸ್ಥಿತಿಯೆಲ್ಲ ತಿಳಿದಿತ್ತು. ಹಳದಿ ಚೀಟಿಯ ವಿಷಯವೂ.

ಸಾರ್ವಜನಿಕರು ಮಾತಾಡಬಹುದು ಎಂದು ಪ್ರಕಟಿಸಿದರು. ನಾನು ಅದನ್ನು ಕನ್ನಡಿಸಿದೆ. ಮೊದಲು ಎದ್ದವರು ಅತ್ತೆ. ಯಾರೋ ಮೈಕು ಕೊಟ್ಟರು. ಅವರಿಗೆ ಅದರ ಅಗತ್ಯವಿರಲಿಲ್ಲ.

"ನಾನು ಈ ಮಗೀನ ಅಜ್ಜಿ ಕಣ್ರಪ್ಪ," ಎಂದು ಅತ್ತೆ ಶುರುಮಾಡಿದರು. "ಅಷ್ಟು ದೂರದಿಂದ ಇದ್ನ ನೋಡಕ್ಕೆ ಬಂದಿವ್ನಿ. ನಾನೊಂದ್ ಕೇಳುದ್ರೆ ಇದು ಇಂಗ್ಲೀಸಲ್ಲಿ ಒಂದ್ ಯೋಳ್ತದೆ. ನಾವಿಬ್ರೂ ಕುಂತ್ಕಂಡು ಒಂದ್ ಗಳಿಗೆ ಮಾತಾಡಕಾಗಲ್ಲ. ನಂಗೆ ಸಂಕ್ಟ ಆಯ್ತದೆ. ನೀವ್ ನೋಡುದ್ರೆ ಇದಕ್ಕೆ ಇಂಗ್ಲೀಸ್ ಬರಾಕಿಲ್ಲ ಅಂತ ಆ ಕೊಂಬು ಕಿತ್ಕಂಡಿದ್ದೀರಿ. ಬರ್ದೆ ಇರದು ಕನ್ನಡ. ಇದೆಲ್ಲ ನಮ್ಮಳಿಯಂದ್ರು ಮಾಡಿರ ಕೆಲ್ಸ. ನಾಕ್ ಜನ ಚಪ್ಪಾಳೆ ತಟ್ಲಿ ಅಂತ ಬಡಾಯಿಗೆ ಕನ್ನಡ ಅಂತ ಬರ್ದವ್ರೆ. ಇಂಗ್ಲೀಸ್ ಕಿಲಾಸ್ ಮಾಡಿ ಅಂತ ಚೀಟಿ ಅಂಟ್ಸಿದ್ದೂ ಅವ್ರೇಯ. ಕಿಲಾಸಿಗೆ ಕೂರ್ಸದಾದ್ರೆ ಅವ್ರನ್ ಕೂರ್ಸಿ, ಮಗೀನ ಬಿಡಿ."

ಕೂಟದವರು ಹೆಡ್‌ಫೋನು ತೆಗೆದಿದ್ದರು. ಸೂಪರಿಂಟೆಂಡೆಂಟ್ ವಿನಯದಿಂದ ನನ್ನತ್ತ ತಿರುಗಿದರು.

ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಮಗಳಿಗೆ ಒಳ್ಳೆಯದಾಗುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೆ ಎದುರಿಗೆ ನನ್ನ ಕೂಟವೆಲ್ಲ ಕೂತಿತ್ತು. ನನ್ನ ಬಾಯಿಂದ ಬಂದದ್ದು ಇದು: "ಈ ಅಜ್ಜಿ ಡಿಸ್ಟ್ರಿಕ್ಟಿನವರ ಶ್ರಮಕ್ಕೆ ಧನ್ಯವಾದ ಹೇಳುತ್ತಿದ್ದಾರೆ. ಸಂಗೀತವೂ ಮುಖ್ಯ ಎಂದು ಅವರ ಅಭಿಪ್ರಾಯ."

ಸಿಂಚನ ಎದ್ದು ನಿಂತಳು.

"ದಟ್ಸ್ ನಾಟ್ ವಾಟ್ ಅಜ್ಜಿ ಸೆಡ್."

ಆಮೇಲೆ ಅವಳು ಅಜ್ಜಿಯ ಕೈಯಿಂದ ಮೈಕು ತೆಗೆದುಕೊಂಡು ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಗಳಿಗೆ ಮಾತಾಡಲಾಗುವುದಿಲ್ಲ ಎಂಬಲ್ಲಿ ಅವಳ ದನಿ ಸಣ್ಣದಾಯಿತು. ತಡೆದು ಮುಂದುವರಿಸಿದಳು. ಬಡಾಯಿ ಎಂಬಲ್ಲಿ ಮಾತ್ರ ನಿಂತು, ಇದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ, ಅಪ್ಪ ಸ್ಟೇಜ್ ಮೇಲಿದ್ದಾಗ ಮಾಡುವುದು ಅದೇ ಎಂದಳು. ಇವಳಿಗೆ ಅಷ್ಟು ಕನ್ನಡ ಅರ್ಥವಾಗುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಮನೆಯಲ್ಲಿ ಇಷ್ಟು ವರ್ಷ ನಾವು ಅವಳೆದುರಿಗೇ ಗುಟ್ಟಿನ ವಿಷಯವೆಲ್ಲ ಮಾತಾಡಿದ್ದೇವೆ.

ಚಪ್ಪಾಳೆ ಬಿತ್ತು. ಸೂಪರಿಂಟೆಂಡೆಂಟ್ ಕಣ್ಣೊರೆಸಿಕೊಂಡು ಎದ್ದರು. ಇನ್ನೇನು ಬಿಡುಗಡೆಯಾಯಿತು ಎಂದುಕೊಂಡೆ.

"ನೋಡಿ," ಎಂದರು ಅವರು ಸಭೆಗೆ. "ಹೊಸ ತರಗತಿ ಶುರುವಾಗಿ ಇನ್ನೂ ಎರಡು ತಿಂಗಳಾಗಿಲ್ಲ. ಇಂಗ್ಲಿಷ್ ಕಲಿಯುತ್ತಿರುವ ಮಗು ಎಷ್ಟು ಚೆನ್ನಾಗಿ ಮಾತಾಡಿತು! ನಮ್ಮ ಯೋಜನೆ ಕೆಲಸ ಮಾಡುತ್ತಿದೆ."

ಫೋಟೋ ತೆಗೆದರು. ಸರ್ಕಾರಕ್ಕೆ ಕಳಿಸುವ ವರದಿಯಲ್ಲಿ ಅವಳ ಚಿತ್ರ ಹಾಕುತ್ತಾರಂತೆ. ಯೋಜನೆಯನ್ನು ಸೂಚಿಸಿದ ಪೋಷಕನೆಂದು ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಆ ಚಿತ್ರದಲ್ಲಿ ನಗುತ್ತಿರುವವರು ಸೂಪರಿಂಟೆಂಡೆಂಟ್ ಒಬ್ಬರೇ. ಆದರೂ ಅಜ್ಜಿಯ ಮಾತು ತೀರಾ ವ್ಯರ್ಥವಾಗಲಿಲ್ಲ. ಪರೀಕ್ಷೆಯನ್ನು ಬೇಗ ಕೊಡಿಸುವುದಾಗಿ ಅವರು ಅಲ್ಲೇ ಒಪ್ಪಿದರು.

ಅಂದಿನಿಂದ ಅಜ್ಜಿಯೂ ಮೊಮ್ಮಗಳೂ ಒಂದು ಪಕ್ಷವಾದರು. ಗ್ರೋಸರಿ ಅಂಗಡಿಯಲ್ಲಿ, ಪಾರ್ಕಿನಲ್ಲಿ, ಪಕ್ಕದ ಮನೆಯ ನಾಯಿಯ ಯಜಮಾನಿಯ ಹತ್ತಿರ, ಎಲ್ಲ ಕಡೆ ಅಜ್ಜಿ ಮಾತಾಡಬೇಕು, ಸಿಂಚನ ಇಂಗ್ಲಿಷಿಗೆ ತಿರುಗಿಸಬೇಕು. ಎದುರಿನವರು ಹೇಳಿದ್ದನ್ನು ಅಜ್ಜಿಗೆ ತಿಳಿಸುವಾಗ ಮೊದಲು ಸನ್ನೆ, ಆಮೇಲೆ ಒಂದು ಕನ್ನಡ ಪದ, ಆಮೇಲೆ ಎರಡು. ನಾನು ರೂಮಿಗೆ ಬಂದ ಕೂಡಲೇ ಇಬ್ಬರೂ ಸುಮ್ಮನಾಗುತ್ತಿದ್ದರು. ಭಾನುವಾರದ ತರಗತಿಗೆ ಬಾ ಎಂದರೆ ಮಾತ್ರ ಹೊಟ್ಟೆನೋವು ಹಾಗೇ ಇತ್ತು.

ಮಾರ್ಚಿನಲ್ಲಿ ಪರೀಕ್ಷೆ ಆಯಿತು. ಬಸ್ಸು ಹತ್ತುವ ಹುಡುಗನ ಚಿತ್ರ ಬಂದರೆ ಸುಮ್ಮನಿರಬೇಡ, ಅವನ ಅಂಗಿಯ ಬಣ್ಣ, ಅವರಪ್ಪನ ದಡ್ಡತನ ಎಲ್ಲ ವಿವರಿಸು ಎಂದು ಶೈಲಾ ಹೇಳಿ ಕಳಿಸಿದ್ದಳು. ಪಾಸಾದಳು. ಇನ್ನು ಉಳಿದದ್ದು ತಂದೆ ತಾಯಿಯ ಜೊತೆಗಿನ ಸಭೆ, ಮಿಸ್ ಬೆನಿಟೆಸ್ ಅವರ ಒಂದು ಸಹಿ. ಕಚೇರಿಗೆ ಇನ್ನೂ ಸಮಯವಿತ್ತು. ಬ್ಯಾಂಡಿನ ಮೇಷ್ಟ್ರು ಅವಳ ತುಣುಕನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಆಗ ಡಿಸ್ಟ್ರಿಕ್ಟಿನ ಆಫೀಸಿನಿಂದ ಒಬ್ಬ ಹೆಂಗಸು ನನಗೆ ಫೋನು ಮಾಡಿದರು.

"ಒಂದು ಕುಟುಂಬದ ಸಭೆಗೆ ಕನ್ನಡದ ದುಭಾಷಿ ಬೇಕಾಗಿದೆ. ತಂದೆಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ದಯವಿಟ್ಟು ಬರುತ್ತೀರಾ?"

"ಅಗತ್ಯವಾಗಿ ಬರುತ್ತೇನೆ. ಪಾಪ, ಯಾರವರು?"

ಆಕೆ ಹೆಸರು ಹೇಳಿದರು. ನನ್ನ ಹೆಸರು.

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಆಕೆಗೆ ಇಂಗ್ಲಿಷಿನಲ್ಲೇ ಸಾಕಷ್ಟು ವಿವರಿಸಿದೆ. ಹಾಗಾದರೆ ಯಾವ ಭಾಷೆಯಲ್ಲಿ ವಿಷಯ ತಿಳಿಸಬೇಕು ಎಂಬುದಕ್ಕೆ ಕೊಟ್ಟ ಉತ್ತರವನ್ನು ತಿದ್ದಿಸಬೇಕು, ಅದಕ್ಕೆ ಬೇರೆ ಅರ್ಜಿ, ಒಂದೆರಡು ತಿಂಗಳು ಹಿಡಿಯುತ್ತದೆ, ಸಭೆಯನ್ನು ಮುಂದೂಡೋಣವೇ ಎಂದು ಕೇಳಿದರು. ಬೇಡ, ಇಂಗ್ಲಿಷ್ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡೆ. ಕುಟುಂಬದವನೇ ದುಭಾಷಿ ಆಗುವಂತಿಲ್ಲ ಎಂಬ ನಿಯಮವಿತ್ತು. ಮಂಜುನಾಥನನ್ನು ಕರೆದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

ಸಭೆಯಲ್ಲಿ ಒಂದು ಕಡೆ ಮಿಸ್ ಬೆನಿಟೆಸ್, ಇನ್ನೊಂದು ಕಡೆ ನಾನು, ಶೈಲಾ, ಸಿಂಚನ. ತಾನೂ ಬರುತ್ತೇನೆ ಎಂದು ಬಂದ ಅತ್ತೆ. ನಡುವೆ ಮಂಜುನಾಥ.

"ಮಗಳಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆ ಎಂದು ತಂದೆಗೆ ಅನಿಸುತ್ತದೆಯೇ?" ಎಂದು ಮಿಸ್ ಬೆನಿಟೆಸ್ ಕೇಳಿದರು.

ಮಂಜುನಾಥ ನನ್ನತ್ತ ತಿರುಗಿ ಗಂಭೀರವಾಗಿ ಕೇಳಿದ: "ನಿಮ್ಮ ಸುಪುತ್ರಿಗೆ ಆಂಗ್ಲ ಭಾಷೆ ತಕ್ಕಮಟ್ಟಿಗೆ ಬರುತ್ತದೆಯೇ?" ನನ್ನ 'ಮಾಪನಫಲಕ'ಕ್ಕೆ ಅವನು ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಿದ್ದರೂ ನನಗೆ ಆ ಹೊತ್ತಿನಲ್ಲಿ ತಮಾಷೆ ಬೇಕಾಗಿರಲಿಲ್ಲ.

"ಬರುತ್ತೆ ಕಣೋ. ನನಗಿಂತ ಚೆನ್ನಾಗಿ ಬರುತ್ತೆ. ಅವಳಿಗೆ ಬ್ಯಾಂಡ್ ತಪ್ಪಿದ್ದು ನನ್ನಿಂದ. ಅದೊಂದು ವಾಪಸ್ ಸಿಕ್ಕಿದ್ರೆ ಸಾಕು," ಎಂದೆ.

ಮಂಜುನಾಥ ಮಿಸ್ ಬೆನಿಟೆಸ್ ಕಡೆ ತಿರುಗಿ, "ಯೆಸ್," ಎಂದ.

ಮಿಸ್ ಬೆನಿಟೆಸ್ ಸಹಿ ಮಾಡಲು ಪೆನ್ನು ಎತ್ತಿದರು.

"ಮಂಜು ಅಂಕಲ್," ಎಂದಳು ಸಿಂಚನ. "ಅಪ್ಪ ಅಷ್ಟೇ ಯೋಳಿಲ್ಲ. ಬ್ಯಾಂಡ್ ಹೋಗಿದ್ದು ನನ್ನಿಂದ ಅಂತಾನೂ ಅಂದ್ರು. ಪೂರ್ತಿ ಯೋಳಿ."

ಮದ್ದೂರಿನ ಕನ್ನಡ. ಎಲ್ಲೂ ಎಡವದೆ ಬಂದ ಮಾತು. ಹನ್ನೊಂದು ವರ್ಷದಿಂದ ನಾನು ಅವಳ ಬಾಯಿಂದ ಕೇಳಲು ಕಾದಿದ್ದ ಮಾತು. ಅತ್ತೆಯ ಕಣ್ಣಲ್ಲಿ ನೀರು ಬಂತು. ಶೈಲಾ ಬಾಯಿಗೆ ಸೆರಗು ಹಿಡಿದಳು. ನಾನು ನೋಡುತ್ತಿದ್ದದ್ದು ಮಾತ್ರ ಮಿಸ್ ಬೆನಿಟೆಸ್ ಅವರ ಕೈಯನ್ನು. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತ್ತು.

"ಓ, ಮನೆಯಲ್ಲಿ ಕನ್ನಡ ಮಾತಾಡುತ್ತಾಳಾ?" ಎಂದರು ಆಕೆ.

ನನ್ನ ಜೀವ ಬಾಯಿಗೆ ಬಂತು. "ಪುಟ್ಟಾ, ನಿನ್ನ ದಮ್ಮಯ್ಯ, ಕನ್ನಡ ಮಾತಾಡಬೇಡ. ಇಂಗ್ಲಿಷಲ್ಲಿ ಹೇಳು," ಎಂದೆ.

"ತಂದೆ ಏನೆಂದರು?" ಎಂದು ಮಿಸ್ ಬೆನಿಟೆಸ್ ದುಭಾಷಿಯನ್ನು ಕೇಳಿದರು.

ಮಂಜುನಾಥ ಈಗ ಎಚ್ಚರಗೊಂಡಿದ್ದ. ಏನೂ ಸೇರಿಸದೆ, ಏನೂ ಬಿಡದೆ, ಪೂರ್ತಿ ಹೇಳಿದ.

ಸಹಿ ಬಿತ್ತು. ಕನ್ನಡ ಬಂದರೆ ತೊಂದರೆಯೇನೂ ಇಲ್ಲವಂತೆ, ಆಕೆ ಸಂತೋಷಕ್ಕೆ ಕೇಳಿದ್ದಂತೆ. ಸಿಂಚನ ಮರುದಿನವೇ ಗರಾಜಿನಿಂದ ಪೆಟ್ಟಿಗೆ ಹೊತ್ತುಕೊಂಡು ಹೋದಳು. ವಸಂತದ ಕಚೇರಿಯಲ್ಲಿ ಅವಳು ಒಬ್ಬಳೇ ಎದ್ದು ನಿಂತು ನುಡಿಸಿದಾಗ ಅತ್ತೆ ಪಕ್ಕದ ಸೀಟಿನವರಿಗೆಲ್ಲ, "ನಮ್ ಮಗು," ಎಂದು ಕನ್ನಡದಲ್ಲೇ ತಿಳಿಸಿದರು. ಎಲ್ಲರಿಗೂ ಅರ್ಥವಾಯಿತು, ದುಭಾಷಿ ಬೇಕಾಗಲಿಲ್ಲ.

ಕೌನ್ಸೆಲರ್ ರೂಮಿನಲ್ಲಿ ನಾನಾಡಿದ 'ಕನ್ನಡ ಮಾತಾಡಬೇಡ' ಎಂಬ ಮಾತನ್ನು ಮಂಜುನಾಥ ಅದೇ ಸಂಜೆ ಕೂಟದ ವಾಟ್ಸ್ಯಾಪ್ ಗುಂಪಿಗೂ ಹಾಕಿದ್ದ, ಏನೂ ಸೇರಿಸದೆ, ಏನೂ ಬಿಡದೆ. ಈ ಸಲದ ರಾಜ್ಯೋತ್ಸವದಲ್ಲಿ ಕನ್ನಡದ ಬಗ್ಗೆ ಮಾತಾಡುವವಳು ಸಿಂಚನ ಎಂದು ಕೂಟ ತೀರ್ಮಾನಿಸಿದೆ. ಅವಳ ಮಾತು ಮುಗಿಯುವ ತನಕ ಊಟ ಬಡಿಸಕೂಡದು ಎಂಬ ನಿಯಮ ಹಾಗೇ ಇದೆ. ಮುಗಿದ ಮೇಲೆ ಬಡಿಸುವವನು ನಾನು.